ಮಳೆಗಾಲಕ್ಕೆ ಹೆಂಡ್ರಿಕ್ಸ್: ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’ ಜೋಡಿ ಎಲ್‌ಪಿ

ಅಮೆರಿಕದ ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಎಂದರೆ ಬೆಂಕಿ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ಗಿಟಾರಿಗೆ ಬೆಂಕಿ ಹಚ್ಚಿ ಅದರ ಮುಂದೆ ಮಂಡಿಯೂರಿ ಕೂತಿದ್ದಾನಲ್ಲ, ಆ ಒಂದು ಫೋಟೊ ಅವನ ಉಳಿದೆಲ್ಲ ಕೆಲಸವನ್ನೂ ಮುಚ್ಚಿಹಾಕಿದೆ. ಮರುವರ್ಷ ಅಕ್ಟೋಬರ್‌ನಲ್ಲಿ ಬಂದ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಿ. ಈ ಮನುಷ್ಯನ ಜೀವ ಇದ್ದದ್ದು ನೀರಿನಲ್ಲಿ ಅನ್ನುವುದು ಕಿವಿಗೇ ತಿಳಿಯುತ್ತದೆ. ಮಳೆ, ಕಡಲು, ಕಡಲಿನ ತಳ, ಉಬ್ಬರ ಇಳಿತ, ಮತ್ತೆ ಮಳೆ. ಹುಟ್ಟಿ ಬೆಳೆದದ್ದು ಸಿಯಾಟಲ್‌ನಲ್ಲಿ, ಮೋಡ ಕವಿದುಕೊಂಡೇ ಇರುವ ಬಂದರಿನ ಊರಲ್ಲಿ. ಸೋಮವಾರಪೇಟೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಮಳೆಯ ಸದ್ದಿನ ಅಡಿಯಲ್ಲೇ ಕೆಲಸ ಮಾಡುವ ನನಗೆ ಈ ಆಲ್ಬಮ್ ಹತ್ತಿರವಾದದ್ದು ಆ ದಾರಿಯಿಂದ. ಹಾಗಾಗಿ ಈ ವಿಮರ್ಶೆಯೂ ಅದೇ ದಾರಿಯಲ್ಲಿ ಹೋಗುತ್ತದೆ.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ತೋಟದ ಪಂಪ್‌ಸೆಟ್, ಕಾಫಿ ಪಲ್ಪರಿನ ಮೋಟಾರು, ಮಿಕ್ಸಿ, ಫ್ಯಾನು, ಏನು ಸುಟ್ಟರೂ ಬಿಚ್ಚಿ ಹಳೇ ತಂತಿ ತೆಗೆದು ಹೊಸದು ಸುತ್ತಿ ವಾರ್ನಿಷ್ ಹಾಕಿ ಕೊಡುತ್ತೇನೆ. ಮಳೆಗಾಲದಲ್ಲಿ ಗಿರಾಕಿ ಕಡಿಮೆ, ಪಂಪ್‌ಸೆಟ್ಟಿಗೆ ಕೆಲಸವೇ ಇರುವುದಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಟರ್ನ್‌ಟೇಬಲ್, ಒಂದು ಆಂಪ್ಲಿಫೈಯರ್, ನಾನೇ ಪೆಟ್ಟಿಗೆ ಮಾಡಿಸಿದ ಎರಡು ಸ್ಪೀಕರ್ ಇವೆ. ಸಂಗೀತದ ವಿದ್ಯೆ ನನಗಿಲ್ಲ. ಕಾಯಿಲ್ ಅಂದರೆ ಏನು, ಆಯಸ್ಕಾಂತದ ಸುತ್ತ ತಾಮ್ರದ ತಂತಿ ಸುತ್ತಿದರೆ ಏನಾಗುತ್ತದೆ ಅನ್ನುವುದು ಮಾತ್ರ ಕೈಗೆ ಗೊತ್ತು. ಎಲೆಕ್ಟ್ರಿಕ್ ಗಿಟಾರ್ ಕೇಳುವವನಿಗೆ ಆ ತಿಳಿವಳಿಕೆಯೂ ಉಪಯೋಗಕ್ಕೆ ಬರುತ್ತದೆ.

ಮೊದಲು ವಸ್ತುವಿನ ವಿಚಾರ. ಎರಡು ಪ್ಲೇಟು (ಎಲ್‌ಪಿ, ಅಂದರೆ ವಿನೈಲ್ ರೆಕಾರ್ಡು), ನಾಲ್ಕು ಸೈಡು, ಹದಿನಾರು ಹಾಡು, ಒಟ್ಟು ಸುಮಾರು 75 ನಿಮಿಷ. ನನ್ನ ಹತ್ತಿರ ಇರುವುದು ಈಚಿನ ಮರುಮುದ್ರಣ, 180 ಗ್ರಾಂ ತೂಕದ ಪ್ಲೇಟು. ಬೆಂಗಳೂರಿನ ಅಂಗಡಿಯೊಂದರಿಂದ ಕೊರಿಯರ್‌ನಲ್ಲಿ ತರಿಸಿದ್ದು, ನಾಲ್ಕು ಸಾವಿರ ರೂಪಾಯಿಯ ಆಸುಪಾಸು ಬಿತ್ತು. ದುಡ್ಡು ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ‘ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯೆನ್ಸ್’ ಎಂಬ ಮೂವರ ತಂಡ, ಅಂದರೆ ಗಿಟಾರಿಗೆ ಹೆಂಡ್ರಿಕ್ಸ್, ಡ್ರಮ್ಸಿಗೆ ಮಿಚ್ ಮಿಚೆಲ್, ಬೇಸ್ ಗಿಟಾರಿಗೆ ನೋಯೆಲ್ ರೆಡಿಂಗ್, ಇವರು ಸ್ಟುಡಿಯೊದಲ್ಲಿ ಮಾಡಿ ಮುಗಿಸಿದ ಮೂರನೆಯ ಮತ್ತು ಕೊನೆಯ ಆಲ್ಬಮ್ ಇದು. 1970ರ ಸೆಪ್ಟೆಂಬರ್‌ನಲ್ಲಿ ಹೆಂಡ್ರಿಕ್ಸ್ ತೀರಿಕೊಂಡಾಗ ವಯಸ್ಸು 27. ತನ್ನದೇ ನಿರ್ಮಾಣ ಎಂದು ಹೆಸರು ಹಾಕಿಕೊಂಡು, ಬೇರೆ ಯಾರ ಮಾತಿಗೂ ಕಟ್ಟುಬೀಳದೆ ಮಾಡಿದ್ದು ಇದನ್ನೇ. ಹಿಂದಿನ ಎರಡು ಆಲ್ಬಮ್‌ಗಳ ನಿರ್ಮಾಪಕ ಚಾಸ್ ಚಾಂಡ್ಲರ್ ಈ ಕೆಲಸದ ನಡುವೆಯೇ ಬಿಟ್ಟು ಹೋದ. ಹಾಡು ಮೂರು ನಿಮಿಷಕ್ಕೆ ಮುಗಿಯಬೇಕು ಅನ್ನುವವನು ಚಾಂಡ್ಲರ್. ಹೆಂಡ್ರಿಕ್ಸ್ ಅದೇ ಹಾಡನ್ನು ಮತ್ತೆ ಮತ್ತೆ ಟೇಪ್ ಮಾಡಿಸುವವನು, ಕ್ಲಬ್ಬಿನಿಂದ ಹಿಂಡು ಹಿಂಡಾಗಿ ಜನರನ್ನು ಸ್ಟುಡಿಯೊಗೆ ಕರೆತರುವವನು. ಇಬ್ಬರಿಗೂ ಕೂಡಿಬರಲಿಲ್ಲ. ನನಗೆ ಕೇಳಿದರೆ ಒಳ್ಳೆಯದೇ ಆಯಿತು, ಯಾಕೆಂದರೆ ಮೊದಲ ಸೈಡಿನ ಕೊನೆಯ ಹಾಡು ಚಾಂಡ್ಲರ್ ಕೂತಿದ್ದರೆ ಬರುತ್ತಲೇ ಇರಲಿಲ್ಲ.

ಆ ಹಾಡು ‘ವೂಡೂ ಚೈಲ್’. ಹದಿನೈದು ನಿಮಿಷಕ್ಕೆ ಹತ್ತೇ ಸೆಕೆಂಡು ಕಡಿಮೆ. 1968ರ ಮೇ 2ರ ಬೆಳಗಿನ ಜಾವ ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೊದಲ್ಲಿ ನುಡಿಸಿದ್ದು. ಹತ್ತಿರದ ‘ದ ಸೀನ್’ ಕ್ಲಬ್ಬಿನಲ್ಲಿ ರಾತ್ರಿ ಕಳೆದವರನ್ನು ಹಾಗೇ ಸ್ಟುಡಿಯೊಗೆ ಕರೆತಂದಿದ್ದಾನೆ. ಆರ್ಗನ್ನಿಗೆ ‘ಟ್ರಾಫಿಕ್’ ತಂಡದ ಸ್ಟೀವ್ ವಿನ್‌ವುಡ್, ಬೇಸ್ ಗಿಟಾರಿಗೆ ‘ಜೆಫರ್ಸನ್ ಏರ್‌ಪ್ಲೇನ್’ ತಂಡದ ಜ್ಯಾಕ್ ಕ್ಯಾಸಡಿ, ಡ್ರಮ್ಸಿಗೆ ತನ್ನವನೇ ಆದ ಮಿಚೆಲ್. ಬೇರು ಹುಡುಕಿದರೆ ಮಿಸಿಸಿಪಿಯ ನೆಲ ಸಿಗುತ್ತದೆ. ಮಡ್ಡಿ ವಾಟರ್ಸ್ ಹಾಡುತ್ತಿದ್ದ ಹಳೇ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಬಗೆ), ಅದನ್ನು ಹೆಂಡ್ರಿಕ್ಸ್ ‘ಕ್ಯಾಟ್‌ಫಿಶ್ ಬ್ಲೂಸ್’ ಎಂದು ತಾನೂ ಹಾಡಿಕೊಂಡು ಬಂದಿದ್ದ. ಅಲ್ಲಿಂದ ಈ ಹಾಡು ಮೊಳೆತಿದೆ. ಒಂದೇ ಸ್ವರದ ಮೇಲೆ ನಿಂತು, ಆತುರವಿಲ್ಲದೆ, ತಾನು ಹುಟ್ಟಿದ ರಾತ್ರಿಯ ಕಥೆ ಹೇಳಿಕೊಳ್ಳುತ್ತಾನೆ. ಬಾಯಿ ಹಾಡಿದ ಸಾಲನ್ನೇ ಗಿಟಾರೂ ಜೊತೆಗೆ ಹಾಡುತ್ತದೆ, ಆರ್ಗನ್ ಹಿಂದಿನಿಂದ ಉತ್ತರ ಕೊಡುತ್ತದೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಸಮಯದಲ್ಲಿ ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್ ಕೇಳಿದವರಿಗೆ ಇದರ ಗತಿ ಹೊಸದೆನಿಸುವುದಿಲ್ಲ. ಅಲ್ಲಿಯೂ ಇಬ್ಬರು ಎತ್ತಿದ ಸಾಲನ್ನು ಇನ್ನಿಬ್ಬರು ಹಿಡಿದುಕೊಳ್ಳುತ್ತಾರೆ, ದುಡಿ ಒಂದೇ ನಡೆಯಲ್ಲಿ ಹೋಗುತ್ತಿರುತ್ತದೆ, ಕಥೆ ಎಷ್ಟು ಉದ್ದವೋ ಪಾಟೂ ಅಷ್ಟೇ ಉದ್ದ, ಯಾರೂ ಗಡಿಯಾರ ನೋಡುವುದಿಲ್ಲ.

ಹಾಡಿನ ನಡುವೆ ಜನರ ಮಾತು, ಚಪ್ಪಾಳೆ, ಹುಯಿಲು ಕೇಳುತ್ತದೆ. ಕ್ಲಬ್ಬಿನಲ್ಲಿ ನೇರ ನುಡಿಸಿದ್ದು ಎಂದುಕೊಳ್ಳುವವರಿದ್ದಾರೆ. ಆ ಸದ್ದನ್ನೂ ಸ್ಟುಡಿಯೊದಲ್ಲಿಯೇ ಟೇಪ್ ಮಾಡಿ ಸೇರಿಸಿದ್ದು. ಮೋಸ ಅನ್ನಿಸಬಹುದು, ನನಗೆ ಹಾಗನ್ನಿಸುವುದಿಲ್ಲ. ಬ್ಲೂಸ್ ಹುಟ್ಟಿದ್ದೇ ಜನ ತುಂಬಿದ ಕೋಣೆಗಳಲ್ಲಿ. ಆ ಕೋಣೆ ಇಲ್ಲದೆ ಈ ಹಾಡು ನಿಲ್ಲುವುದಿಲ್ಲ ಎಂದು ಹೆಂಡ್ರಿಕ್ಸ್‌ಗೆ ಗೊತ್ತಿತ್ತು, ಗೋಡೆ ಸಮೇತ ಕಟ್ಟಿಕೊಟ್ಟಿದ್ದಾನೆ. ಒಂಬತ್ತನೇ ನಿಮಿಷ ದಾಟಿದ ಮೇಲೆ ವಿನ್‌ವುಡ್‌ನ ಆರ್ಗನ್ ಮೇಲೆದ್ದು ಗಿಟಾರ್ ಹಿಂದೆ ಸರಿಯುವ ಜಾಗಗಳಿವೆ. ಅಷ್ಟು ದೊಡ್ಡ ಗಿಟಾರಿಸ್ಟು ಮತ್ತೊಬ್ಬನಿಗೆ ದಾರಿ ಬಿಟ್ಟು ನಿಲ್ಲುವುದನ್ನು ಕೇಳುವಾಗ ನನಗೆ ಅವನ ಮೇಲಿನ ಗೌರವ ಜಾಸ್ತಿಯಾಗುತ್ತದೆ.

ಮೊದಲ ಸೈಡಿನ ಉಳಿದ ಮೂರು ಚಿಕ್ಕವು. ಆರಂಭದ ‘ಅಂಡ್ ದ ಗಾಡ್ಸ್ ಮೇಡ್ ಲವ್’ ಹಾಡೇ ಅಲ್ಲ, ಟೇಪಿನ ವೇಗ ಇಳಿಸಿ ಏರಿಸಿ ಮಾಡಿದ ಒಂದು ನಿಮಿಷ ಚಿಲ್ಲರೆಯ ಸದ್ದು. ‘ಹ್ಯಾವ್ ಯು ಎವರ್ ಬೀನ್’ ಮೆತ್ತಗೆ ತೇಲುವ, ಸೋಲ್ (soul) ಎಂಬ ಶೈಲಿಯ ಹಾಡು, ಹೆಂಡ್ರಿಕ್ಸ್‌ಗೆ ಹಾಡಲು ಬರುವುದಿಲ್ಲ ಅನ್ನುವವರ ಬಾಯಿ ಮುಚ್ಚಿಸಲು ಇದೊಂದು ಸಾಕು. ‘ಕ್ರಾಸ್‌ಟೌನ್ ಟ್ರಾಫಿಕ್’ ಹಾಡಿನಲ್ಲಿ ಗಿಟಾರಿನ ಜೊತೆಗೇ ಗುಂಯ್ ಎಂದು ಓಡುವ ಇನ್ನೊಂದು ದನಿ ಇದೆಯಲ್ಲ, ಅದು ಬಾಚಣಿಗೆಗೆ ಕಾಗದ ಸುತ್ತಿ ಬಾಯಲ್ಲಿ ಊದಿದ್ದು. ಶಾಲೆಯಲ್ಲಿ ನಾವೆಲ್ಲ ಮಾಡಿದ ಆಟವೇ. ಅಷ್ಟು ದುಬಾರಿ ಸ್ಟುಡಿಯೊದಲ್ಲಿ ಕೂತು ಬಾಚಣಿಗೆ ಊದುವ ಧೈರ್ಯ ನನಗೆ ಬಹಳ ಇಷ್ಟ.

ಎರಡನೇ ಸೈಡನ್ನು ಬೇಗ ದಾಟುತ್ತೇನೆ. ಈ ಆಲ್ಬಮ್ಮಿನ ದುರ್ಬಲ ಸೈಡು ಅದು. ‘ಲಿಟಲ್ ಮಿಸ್ ಸ್ಟ್ರೇಂಜ್’ ರೆಡಿಂಗ್ ಬರೆದದ್ದು. ಆಗಿನ ಲಂಡನ್ನಿನ ಪಾಪ್ ಹಾಡುಗಳ ಸಾಲಿಗೆ ಸೇರುವಂಥದ್ದು, ‘ವೂಡೂ ಚೈಲ್’ ಮುಗಿದ ಕೂಡಲೇ ಬಂದರೆ ತೀರ ಸಪ್ಪೆ. ‘ಲಾಂಗ್ ಹಾಟ್ ಸಮ್ಮರ್ ನೈಟ್’ ಹಾಡಿನ ದನಿಗಳೆಲ್ಲ ಒಂದರ ಮೇಲೊಂದು ಬಿದ್ದು ಕೆಸರಾಗಿವೆ. ಆಲ್ ಕೂಪರ್ ಪಿಯಾನೊ ನುಡಿಸಿದ್ದಾನೆ ಎಂದು ಓದಿಕೊಂಡು ಹುಡುಕಿದರೆ ಮಾತ್ರ ಸಿಗುತ್ತದೆ. ನ್ಯೂ ಆರ್ಲಿಯನ್ಸ್‌ನ ಅರ್ಲ್ ಕಿಂಗ್ ಬರೆದ ‘ಕಮ್ ಆನ್’ ಚುರುಕಾದ ಬ್ಲೂಸ್, ಅಡ್ಡಿಯಿಲ್ಲ. ‘ಜಿಪ್ಸಿ ಐಸ್’ನಲ್ಲಿ ಮಿಚೆಲ್‌ನ ಕಾಲು ಮತ್ತು ಹೆಂಡ್ರಿಕ್ಸ್‌ನ ಬೆರಳು ಒಟ್ಟಿಗೆ ನಡೆಯುವುದನ್ನು ಕೇಳಬೇಕು. ಸೈಡಿನ ಕೊನೆಯ ‘ಬರ್ನಿಂಗ್ ಆಫ್ ದ ಮಿಡ್‌ನೈಟ್ ಲ್ಯಾಂಪ್’ ಎಲ್ಲರಿಗಿಂತ ಹಳೆಯದು, 1967ರ ಆಗಸ್ಟ್‌ನಲ್ಲಿ ಬಿಡಿ ಹಾಡಾಗಿ ಬಂದಿತ್ತು. ಹಾರ್ಪ್ಸಿಕಾರ್ಡ್ ಎಂಬ ಹಳೇ ಕಾಲದ ತಂತಿವಾದ್ಯವನ್ನು ತಾನೇ ನುಡಿಸಿ ಅದರ ಜೊತೆ ಗಿಟಾರನ್ನು ವಾ-ವಾ ಪೆಡಲ್ ಮೂಲಕ ಹಾಯಿಸಿದ್ದಾನೆ.

ವಾ-ವಾ ಪೆಡಲ್ ಎಂದೆನಲ್ಲ, ನನ್ನ ಕಸುಬಿನ ಮಾತು ಇಲ್ಲಿ ಬರುತ್ತದೆ. ಆ ಪೆಡಲಿನ ಒಳಗೆ ಒಂದು ಪುಟ್ಟ ಇಂಡಕ್ಟರ್ ಕಾಯಿಲ್ ಇರುತ್ತದೆ. ಕಾಲಿನಿಂದ ಒತ್ತಿದಂತೆ ಸದ್ದಿನ ಯಾವ ಭಾಗ ಎದ್ದು ಕೇಳಬೇಕು ಅನ್ನುವುದು ಬದಲಾಗುತ್ತದೆ, ಕೆಳಗಿನ ಗಡಸು ದನಿಯಿಂದ ಮೇಲಿನ ಚೂಪು ದನಿಗೆ. ನಮ್ಮ ಬಾಯಿ ಮುಚ್ಚಿ ತೆರೆದಾಗ ಆಗುವುದೂ ಅದೇ, ಅದಕ್ಕೇ ಗಿಟಾರ್ ಮಾತಾಡಿದ ಹಾಗೆ ಕೇಳುತ್ತದೆ. ಇನ್ನು ಗಿಟಾರಿನ ಪಿಕಪ್, ಅಂದರೆ ತಂತಿಯ ಅದುರನ್ನು ಕರೆಂಟಾಗಿ ಬದಲಿಸುವ ಕಾಯಿಲ್. ಹೆಂಡ್ರಿಕ್ಸ್ ನುಡಿಸುತ್ತಿದ್ದ ಫೆಂಡರ್ ಸ್ಟ್ರಾಟೊಕಾಸ್ಟರ್‌ನಲ್ಲಿ ಮೂರು ಪಿಕಪ್. ಒಂದೊಂದಕ್ಕೂ ಆರು ಆಯಸ್ಕಾಂತದ ಕಡ್ಡಿ, ಅವುಗಳ ಸುತ್ತ ಕೂದಲಿಗಿಂತ ಸಣ್ಣ, 42 ಗೇಜಿನ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು. ಅಷ್ಟು ಸಣ್ಣ ತಂತಿಯನ್ನು ಕಡಿಯದೆ ಸುತ್ತುವುದು ಎಂಥ ಕೆಲಸ ಎಂದು ನನ್ನ ಕೈಗೆ ಗೊತ್ತು. ಹೆಂಡ್ರಿಕ್ಸ್ ಎಡಗೈಯವನು. ಬಲಗೈಯವರ ಗಿಟಾರನ್ನೇ ತಲೆಕೆಳಗು ಮಾಡಿ, ತಂತಿಗಳನ್ನು ಮಾತ್ರ ತನಗೆ ಬೇಕಾದ ಕ್ರಮಕ್ಕೆ ಬದಲಿಸಿಕೊಂಡ. ಆಗ ಏನಾಯಿತೆಂದರೆ, ಒಂದೊಂದು ತಂತಿಗೆ ಲೆಕ್ಕ ಹಾಕಿ ಎತ್ತರ ತಗ್ಗು ಇಟ್ಟಿದ್ದ ಆಯಸ್ಕಾಂತದ ಕಡ್ಡಿಗಳು ಬೇರೆ ತಂತಿಗಳ ಕೆಳಗೆ ಬಂದವು. ಓರೆಯಾಗಿ ಕೂರಿಸಿದ್ದ ಹಿಂಬದಿಯ ಪಿಕಪ್‌ನ ಓರೆಯೂ ತಿರುಗುಮುರುಗಾಯಿತು. ದಪ್ಪ ತಂತಿಗಳ ದನಿ ಸ್ವಲ್ಪ ಹರಿತ, ಸಣ್ಣ ತಂತಿಗಳ ದನಿ ಸ್ವಲ್ಪ ದುಂಡು. ಹೆಂಡ್ರಿಕ್ಸ್‌ನ ದನಿ ಬೇರೆಯವರ ಸ್ಟ್ರಾಟೊಕಾಸ್ಟರಿನಲ್ಲಿ ಪೂರ್ತಿ ಸಿಗದಿರಲು ಇರುವ ಕಾರಣಗಳಲ್ಲಿ ಇದೂ ಒಂದು. ಉಳಿದದ್ದು ಅವನ ಬೆರಳು.

ಈಗ ಮೂರನೇ ಸೈಡು. ದುಡ್ಡು ಕೊಡಬೇಕಾದದ್ದು ಇದಕ್ಕೆ.

‘ರೇನಿ ಡೇ, ಡ್ರೀಮ್ ಅವೇ’ ಎಂದು ಸೈಡು ಶುರುವಾಗುತ್ತದೆ. ಇಲ್ಲಿ ಅವನ ತಂಡದವರು ಯಾರೂ ಇಲ್ಲ. ಡ್ರಮ್ಸಿಗೆ ಬಡ್ಡಿ ಮೈಲ್ಸ್, ಆರ್ಗನ್ನಿಗೆ ಮೈಕ್ ಫಿನಿಗನ್, ಜೊತೆಗೆ ಸ್ಯಾಕ್ಸೊಫೋನು, ಕೈಯಲ್ಲಿ ಬಡಿಯುವ ಕಾಂಗಾ ಡ್ರಮ್. ಮಳೆ ಬಂದಿದೆ, ಹೊರಗೆ ಹೋಗುವ ಹಾಗಿಲ್ಲ, ಇರಲಿ ಬಿಡು, ಕೂತು ನುಡಿಸೋಣ. ಇಷ್ಟೇ ಹಾಡು. ಮಳೆಯನ್ನು ದುಃಖದ ಗುರುತು ಮಾಡದೆ, ಬಿಡುವು ಎಂದು ಹಾಡಿದ್ದಾನೆ. ಶಾಂತಳ್ಳಿ ಕಡೆಯಿಂದ ಮೋಡ ಇಳಿದು ಮಳೆ ಹಿಡಿದ ದಿನ ಬಸ್ಸೂ ಸರಿಯಾಗಿ ಬರುವುದಿಲ್ಲ, ಕರೆಂಟೂ ಇರುವುದಿಲ್ಲ, ತೋಟದ ಕೆಲಸವೂ ನಿಂತಿರುತ್ತದೆ. ಆಗ ಮನೆಯಲ್ಲಿ ಎಲ್ಲರೂ ಒಲೆ ಸುತ್ತ ಕೂತು ಮಾತಿಗೆ ತೊಡಗುವ ಹೊತ್ತಿನಲ್ಲಿ ಇರುವ ನಿರಾಳ ಈ ಹಾಡಿನಲ್ಲಿದೆ.

ಅದು ಕರಗಿದ ಮೇಲೆ ಬರುವುದು ‘1983... ಅ ಮರ್‌ಮ್ಯಾನ್ ಐ ಶುಡ್ ಟರ್ನ್ ಟು ಬಿ’. ಹದಿಮೂರೂವರೆ ನಿಮಿಷಕ್ಕೂ ಹೆಚ್ಚು. ಕಥೆ ಇಷ್ಟು: ಭೂಮಿಯನ್ನು ಯುದ್ಧ ಹಾಳುಮಾಡಿದೆ. ಒಬ್ಬ ಗಂಡು, ಅವನ ಹೆಣ್ಣು, ಇಬ್ಬರೂ ಕಡಲ ದಂಡೆಗೆ ಬಂದು, ನೆಲದ ಮೇಲಿನ ಬದುಕು ಸಾಕು ಎಂದು ನೀರಿಗೆ ಇಳಿಯುತ್ತಾರೆ. ಸಾಯುವುದಕ್ಕಲ್ಲ, ಅಲ್ಲಿಯೇ ಬಾಳುವುದಕ್ಕೆ. ಬರೆದದ್ದು 1968ರಲ್ಲಿ, ವಿಯೆಟ್ನಾಂ ಯುದ್ಧ ಹೊತ್ತಿ ಉರಿಯುವಾಗ. ಬರೆದವನು ಅದಕ್ಕೆ ಏಳು ವರ್ಷ ಮುಂಚೆ ಅಮೆರಿಕದ ಸೇನೆ ಸೇರಿ ವಿಮಾನದಿಂದ ಧುಮುಕುವ ಪ್ಯಾರಾಟ್ರೂಪರ್ ತರಬೇತಿ ಪಡೆದವನು. ಗಿಟಾರೂ ಬೇಸೂ ಎರಡೂ ಅವನದೇ, ಡ್ರಮ್ಸ್ ಮಿಚೆಲ್‌ನದು, ‘ಟ್ರಾಫಿಕ್’ ತಂಡದ ಕ್ರಿಸ್ ವುಡ್ ಕೊಳಲು ಊದಿದ್ದಾನೆ. ಮೊದಲ ನಾಲ್ಕೈದು ನಿಮಿಷ ಹಾಡು ಇರುತ್ತದೆ, ಪಥಸಂಚಲನದ ಡ್ರಮ್ ಇರುತ್ತದೆ. ಆಮೇಲೆ ದಡ ಬಿಟ್ಟುಹೋಗುತ್ತದೆ. ತಾಳ ಸಡಿಲವಾಗಿ, ಸಣ್ಣ ಗಂಟೆಗಳ ಸದ್ದು, ಹಿಮ್ಮುಖ ಓಡಿಸಿದ ಟೇಪು, ಎಲ್ಲೋ ದೂರದಲ್ಲಿ ಕೊಳಲು. ಕಡಲಹಕ್ಕಿ ಕೂಗಿದ ಹಾಗೆ ಕೇಳುತ್ತದಲ್ಲ, ಅದು ಹಕ್ಕಿಯಲ್ಲ. ಹೆಡ್‌ಫೋನನ್ನು ಮೈಕಿನ ಹತ್ತಿರ ತಂದಾಗ ಎದ್ದ ಫೀಡ್‌ಬ್ಯಾಕ್ ಸದ್ದು. ಎಂಜಿನಿಯರ್ ಎಡ್ಡಿ ಕ್ರೇಮರ್ ಮತ್ತು ಹೆಂಡ್ರಿಕ್ಸ್ ಇಬ್ಬರೂ ಮಿಕ್ಸಿಂಗ್ ಮೇಜಿನ ಮುಂದೆ ಕೂತು ಸದ್ದುಗಳನ್ನು ಎಡದಿಂದ ಬಲಕ್ಕೆ, ಹತ್ತಿರದಿಂದ ದೂರಕ್ಕೆ ಕೈಯಲ್ಲೇ ಸರಿಸುತ್ತ ಇದನ್ನು ಮಾಡಿದರು. ಕಂಪ್ಯೂಟರ್ ಇಲ್ಲ, ಅಳಿಸಿ ತಿದ್ದುವ ಅನುಕೂಲ ಇಲ್ಲ. ಎಡಗಡೆಯ ಸ್ಪೀಕರಿನಿಂದ ಹೊರಟ ಒಂದು ಸ್ವರ ನಿಮ್ಮ ತಲೆಯ ಹಿಂದೆ ಹಾದು ಬಲಕ್ಕೆ ಬಂತು ಅನ್ನಿಸಿದರೆ, ಅಲ್ಲಿ ಯಾರೋ ಒಬ್ಬರು ಗುಂಡಿ ಹಿಡಿದು ಅದನ್ನು ನಡೆಸಿಕೊಂಡು ಬಂದಿದ್ದಾರೆ ಎಂದೇ ಅರ್ಥ.

ಒಂದು ಜುಲೈ ಮಧ್ಯಾಹ್ನ ಮಾದಾಪುರ ಕಡೆಯ ಹಿರಿಯ ಬೆಳೆಗಾರರೊಬ್ಬರು ಪಲ್ಪರಿನ ಮೋಟಾರ್ ತೆಗೆದುಕೊಂಡು ಹೋಗಲು ಬಂದವರು ಮಳೆ ಬಿಡಲಿ ಎಂದು ಒಳಗೆ ಕೂತಿದ್ದರು. ಮೂರನೇ ಸೈಡು ತಿರುಗುತ್ತಿತ್ತು. ಆರಿಸೋಣ ಎಂದು ಎದ್ದೆ.

“ಇರ್ಲಿ ಬಿಡಪ್ಪ, ಓಡ್ಲಿ,” ಎಂದರು. ಸುಮಾರು ಹೊತ್ತು ಕೇಳಿದರು. “ಇದು ಮಳೆ ಹಾಡಾ?”

“ಮಳೆ ಮುಗೀತು ಗೌಡ್ರೆ. ಈಗ ಸಮುದ್ರದೊಳಗೆ ಇಳೀತಾ ಇದಾರೆ.”

“ಹಂಗೇ ಅನ್ಕೊಂಡೆ. ಸದ್ದು ಮೇಲಿಂದ ಬೀಳ್ತಿಲ್ಲ. ನಾವೇ ಒಳಗೆ ಕೂತಂಗೈತೆ.” ಸ್ವಲ್ಪ ತಡೆದು, “ಆ ವರ್ಷ ಗುಡ್ಡ ಬರೋಕ್ಕೆ ಮುಂಚೆ ನೆಲದೊಳಗಿಂದ ಒಂದು ಸದ್ದು ಬಂತು ನೋಡು. ಎಲ್ಲಿಂದ ಬತ್ತೈತೆ ಅಂತ ಗೊತ್ತಾಗ್ಲಿಲ್ಲ. ಎಡಕ್ಕೋ ಬಲಕ್ಕೋ ಗೊತ್ತಾಗ್ಲಿಲ್ಲ,” ಎಂದರು.

ಆ ವರ್ಷ ಎಂದರೆ 2018. ಆಗಸ್ಟ್ ತಿಂಗಳ ನಡುವೆ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಸುತ್ತ ಗುಡ್ಡಗಳು ಜಾರಿದ್ದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ತೋಟದ ಒಂದು ಮಗ್ಗುಲು ಕಾಫಿ ಗಿಡ, ಮೆಣಸಿನ ಬಳ್ಳಿ, ಸಿಲ್ವರ್ ಮರ ಸಮೇತ ಕೆಳಗೆ ಹೋಗಿತ್ತು. ನೀರು ಅಂದರೆ ಬರೀ ತಂಪು, ಬರೀ ಬಿಡುವು ಅನ್ನುವ ಮಾತು ಅದಾದ ಮೇಲೆ ನಮ್ಮಲ್ಲಿ ಯಾರ ಬಾಯಲ್ಲೂ ಸುಲಭಕ್ಕೆ ಬರುವುದಿಲ್ಲ. ಈ ಹಾಡಿನ ಮೇಲೆ ನನಗಿರುವ ನಂಬಿಕೆ ಗಟ್ಟಿಯಾದದ್ದು ಅವರ ಮಾತಿನಿಂದ. ಹೆಂಡ್ರಿಕ್ಸ್ ನೀರನ್ನು ಚಂದದ ದೃಶ್ಯವಾಗಿ ತೋರಿಸಿಲ್ಲ. ದಿಕ್ಕು ತಪ್ಪಿಸುತ್ತಾನೆ. ಎಡ ಬಲ ಗೊತ್ತಾಗದ, ತಳ ಸಿಗದ ಆ ಐದಾರು ನಿಮಿಷದಲ್ಲಿ ಭಯವೂ ಇದೆ. ಭಯ ದಾಟಿದ ಮೇಲೆ ಗಿಟಾರ್ ಮತ್ತೆ ಸ್ಪಷ್ಟವಾಗಿ, ತಾಳ ಮತ್ತೆ ಕಾಲಿಗೆ ಸಿಕ್ಕುತ್ತದೆ. ಅದಕ್ಕೇ ಆ ಮರಳುವಿಕೆ ಅಷ್ಟು ದೊಡ್ಡದಾಗಿ ಕೇಳುತ್ತದೆ. ಸೈಕೆಡೆಲಿಕ್ ಎಂದು ಹೆಸರು ಹೊತ್ತ ಆ ಕಾಲದ ಎಷ್ಟೋ ಹಾಡುಗಳಲ್ಲಿ ಇಂಥ ಸದ್ದಿನ ಆಟಗಳು ಅಲಂಕಾರಕ್ಕೆ ಇರುತ್ತವೆ. ಇಲ್ಲಿ ಅವು ಕಥೆಯನ್ನೇ ನಡೆಸುತ್ತವೆ. ಈ ಒಂದು ಹಾಡು ಆಲ್ಬಮ್ಮಿನ ಎಲ್ಲ ಪ್ರಸಿದ್ಧ ಹಾಡುಗಳಿಗಿಂತ ಮೇಲಿನದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಲ್ಕನೇ ಸೈಡು ತೆರೆಯುವಾಗ ಮಳೆ ಇನ್ನೂ ಬರುತ್ತಲೇ ಇದೆ. ‘ಸ್ಟಿಲ್ ರೇನಿಂಗ್, ಸ್ಟಿಲ್ ಡ್ರೀಮಿಂಗ್’ ಮೂರನೇ ಸೈಡಿನ ಮೊದಲ ಹಾಡಿನದೇ ಇನ್ನೊಂದು ತುಂಡು. ಒಂದೇ ಸಲ ನುಡಿಸಿದ್ದನ್ನು ಎರಡು ಮಾಡಿ, ಕಡಲಿನ ಪಯಣವನ್ನು ನಡುವೆ ಇಟ್ಟಿದ್ದಾನೆ. ವಾ-ವಾ ಗಿಟಾರ್ ಇಲ್ಲಿ ಅಕ್ಷರಶಃ ಬೈಯುತ್ತದೆ, ನಗುತ್ತದೆ. ಆಮೇಲೆ ‘ಹೌಸ್ ಬರ್ನಿಂಗ್ ಡೌನ್’. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದದ್ದು 1968ರ ಏಪ್ರಿಲ್ 4ಕ್ಕೆ. ಅಮೆರಿಕದ ಊರೂರಲ್ಲಿ ಬೀದಿಗಳು ಉರಿದವು. ಮರುತಿಂಗಳು ಟೇಪಾದ ಈ ಹಾಡು ಅಣ್ಣತಮ್ಮಂದಿರ ಮನೆಗೇ ಯಾಕೆ ಬೆಂಕಿಯಿಡುತ್ತೀರಿ ಎಂದು ಕೇಳುತ್ತದೆ. ಬೆಂಕಿಯವನು ಎಂದು ಹೆಸರು ಹೊತ್ತ ಮನುಷ್ಯ ಬೆಂಕಿಯ ಬಗ್ಗೆ ಏನು ಹೇಳಿದ ಎಂದು ತಿಳಿಯಬೇಕಾದರೆ ಇದನ್ನು ಕೇಳಬೇಕು. ಹಾಡಿನ ಉದ್ದಕ್ಕೂ ಗಿಟಾರ್ ಸುಳಿಸುಳಿಯಾಗಿ ತಿರುಚಿಕೊಳ್ಳುತ್ತದೆ. ಫೇಸಿಂಗ್ ಎನ್ನುವ ಟೇಪಿನ ತಂತ್ರ ಅದು, ಒಂದೇ ಸದ್ದನ್ನು ಎರಡು ಟೇಪ್ ಯಂತ್ರದಲ್ಲಿ ಓಡಿಸಿ ಒಂದರ ವೇಗವನ್ನು ತುಸುವೇ ತಗ್ಗಿಸಿದಾಗ ಎರಡೂ ಒಂದನ್ನೊಂದು ಕತ್ತರಿಸಿಕೊಳ್ಳುತ್ತವೆ.

‘ಆಲ್ ಅಲಾಂಗ್ ದ ವಾಚ್‌ಟವರ್’ ಬಗ್ಗೆ ಗೊತ್ತಿಲ್ಲದವರು ಕಡಿಮೆ. ಬಾಬ್ ಡಿಲನ್ ತನ್ನ 1967ರ ಆಲ್ಬಮ್ಮಿಗೆ ಬರೆದ ಹಾಡು. ಅದು ಬಂದು ತಿಂಗಳು ಕಳೆಯುವಷ್ಟರಲ್ಲಿ, 1968ರ ಜನವರಿಯಲ್ಲಿ, ಹೆಂಡ್ರಿಕ್ಸ್ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಇದನ್ನು ಹಿಡಿದಿದ್ದ. ಹನ್ನೆರಡು ತಂತಿಯ ಅಕೂಸ್ಟಿಕ್ ಗಿಟಾರ್ ಡೇವ್ ಮೇಸನ್‌ನದು. ಬೇಸನ್ನು ಹೆಂಡ್ರಿಕ್ಸ್ ತಾನೇ ನುಡಿಸಿದ. ನಡುವಿನ ಗಿಟಾರ್ ನಾಲ್ಕು ಭಾಗ ಮಾಡಿಕೊಂಡು ಒಂದೊಂದಕ್ಕೆ ಒಂದೊಂದು ದನಿ ಹಾಕಿದೆ, ಅದನ್ನು ಎಷ್ಟು ಕೇಳಿದರೂ ನನಗೆ ಸಾಕಾಗಿಲ್ಲ. ಕೊನೆಗೆ ‘ವೂಡೂ ಚೈಲ್ಡ್ (ಸ್ಲೈಟ್ ರಿಟರ್ನ್)’. ಉದ್ದದ ‘ವೂಡೂ ಚೈಲ್’ ಟೇಪಾದ ಮರುದಿನ, ಟಿವಿಯವರು ಕ್ಯಾಮೆರಾ ಹಿಡಿದು ಬಂದಾಗ, ಅದೇ ಬೀಜದಿಂದ ಮೂವರೇ ನುಡಿಸಿದ್ದು. ಮೊದಲಿನದು ನಿಧಾನದ ಬ್ಲೂಸ್, ಇದು ಸಿಡಿಲು. ಎರಡನ್ನೂ ಒಂದೇ ಕೂತಲ್ಲಿ ಕೇಳಿದವರಿಗೆ ಬ್ಲೂಸಿನಿಂದ ರಾಕ್ ಹೇಗೆ ಬಂತು ಎಂದು ಬೇರೆ ಪಾಠ ಬೇಕಿಲ್ಲ.

ಇಲ್ಲಿ ಪ್ಲೇಟಿನ ಒಂದು ತೊಡಕು ಹೇಳಬೇಕು. ಎಲ್‌ಪಿಯಲ್ಲಿ ಸೂಜಿ ಒಳಕ್ಕೆ ಹೋದಷ್ಟೂ ಗೆರೆಯ ಸುತ್ತು ಚಿಕ್ಕದಾಗುತ್ತದೆ, ಸೂಜಿಯ ಕೆಳಗೆ ಗೆರೆ ಹಾಯುವ ವೇಗ ಕಡಿಮೆಯಾಗುತ್ತದೆ. ಹಾಗಾಗಿ ಸೈಡಿನ ಕೊನೆಯ ಹಾಡಿನಲ್ಲಿ ಚೂಪು ದನಿಗಳು ಒಡೆದು ಕೇಳುವ ಅಪಾಯ ಯಾವಾಗಲೂ ಇರುತ್ತದೆ. ಈ ಆಲ್ಬಮ್ಮಿನಲ್ಲಿ ಅತಿ ಜೋರಿನ ಹಾಡೇ ಕೊನೆಯ ಸೈಡಿನ ಕೊನೆಯಲ್ಲಿ ಕೂತಿದೆ. ಸೂಜಿ ಹಿಡಿದಿರುವ ಕಾರ್ಟ್ರಿಜ್ ಸರಿಯಾದ ಕೋನದಲ್ಲಿ ಕೂರಿಸಿಲ್ಲದಿದ್ದರೆ ‘ಸ್ಲೈಟ್ ರಿಟರ್ನ್’ ಹರಕಲು ಸ್ಪೀಕರಿನಲ್ಲಿ ಕೇಳಿದಂತಾಗುತ್ತದೆ. ಅಲೈನ್‌ಮೆಂಟ್ ಹಾಳೆ ಇಟ್ಟು ಸರಿಮಾಡಿ ಕೇಳಿ, ವ್ಯತ್ಯಾಸ ಗೊತ್ತಾಗುತ್ತದೆ.

ಹಳೇ 1968ರ ಪ್ಲೇಟು ಯಾರ ಮನೆಯಲ್ಲಾದರೂ ಸಿಕ್ಕಿದರೆ ಲೇಬಲ್ ನೋಡಿಕೊಂಡು ಹಾಕಿ. ಆಗ ಪ್ಲೇಟುಗಳನ್ನು ಪೇರಿಸಿ ತಾನೇ ಒಂದೊಂದಾಗಿ ಬೀಳಿಸುವ ಆಟೊಮ್ಯಾಟಿಕ್ ಚೇಂಜರ್ ಕಾಲ. ಅದಕ್ಕೆಂದು ಒಂದು ಮತ್ತು ನಾಲ್ಕನೇ ಸೈಡು ಒಂದೇ ಪ್ಲೇಟಿನಲ್ಲಿ, ಎರಡು ಮತ್ತು ಮೂರು ಇನ್ನೊಂದರಲ್ಲಿ. ಆರಂಭದ ಸಿಡಿಗಳಲ್ಲಿ ಇದೇ ಗೊಂದಲದಿಂದ ಹಾಡುಗಳ ಕ್ರಮವೇ ಕೆಟ್ಟಿತ್ತು, ಒಂದನೇ ಸೈಡಾದ ಮೇಲೆ ನಾಲ್ಕನೆಯದು. ಮಳೆ ಶುರುವಾಗುವ ಮುಂಚೆಯೇ ‘ಇನ್ನೂ ಮಳೆ’ ಎಂದು ಬಂದರೆ ಹೇಗಿರಬೇಕು? ಸೆಕೆಂಡ್ ಹ್ಯಾಂಡ್ ಸಿಡಿ ಕೊಳ್ಳುವವರು ಹಿಂಬದಿಯ ಪಟ್ಟಿ ನೋಡಿಯೇ ಕೊಳ್ಳಬೇಕು.

ಕವರಿನ ವಿಚಾರಕ್ಕೆ ಬಂದರೆ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಮಕ್ಕಳ ಜೊತೆ ತಂಡದವರು ಕೂತಿರುವ ಫೋಟೊ ಹಾಕಿ ಎಂದು ಹೆಂಡ್ರಿಕ್ಸ್ ಕಂಪನಿಗೆ ಬರೆದು ತಿಳಿಸಿದ್ದ. ತೆಗೆದವಳು ಲಿಂಡಾ ಈಸ್ಟ್‌ಮನ್. ಅವನ ಮಾತು ನಡೆಯಲಿಲ್ಲ. ಬ್ರಿಟನ್ನಿನಲ್ಲಿ ಬೆತ್ತಲೆ ಹೆಂಗಸರ ಗುಂಪಿನ ಚಿತ್ರ ಹಾಕಿದರು, ಅದು ಅವನಿಗೆ ಹಿಡಿಸಲಿಲ್ಲ. ಅಮೆರಿಕದಲ್ಲಿ ಅವನ ಮುಖದ ಕೆಂಪು ಹಳದಿ ಚಿತ್ರ ಬಂತು. ಐವತ್ತು ವರ್ಷದ ನೆನಪಿಗೆ 2018ರಲ್ಲಿ ತಂದ ದೊಡ್ಡ ಸೆಟ್ಟಿನ ಮೇಲೆ ಕೊನೆಗೂ ಆ ಮಕ್ಕಳ ಫೋಟೊ ಬಂತು. ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಏರಿದ ಆಲ್ಬಮ್ಮಿನ ಯಜಮಾನ, ತನ್ನ ಕವರಿಗೆ ತಾನು ಕೇಳಿದ ಫೋಟೊ ಹಾಕಿಸಿಕೊಳ್ಳಲಾಗದೆ ಹೋದದ್ದು ನನಗೆ ಇವತ್ತಿಗೂ ಬೇಸರ.

ಇನ್ನು ನಮ್ಮ ಕಡೆ ಪ್ಲೇಟು ಇಟ್ಟುಕೊಳ್ಳುವವರಿಗೆ ಕೆಲವು ಮಾತು. ಜೂನ್ ಬಂತೆಂದರೆ ಬೂಷ್ಟು. ಒಳಗಿನ ಕಾಗದದ ಚೀಲಕ್ಕೆ ಮೊದಲು ಹಿಡಿಯುತ್ತದೆ, ಅಲ್ಲಿಂದ ಗೆರೆಗೆ. ಪ್ಲಾಸ್ಟಿಕ್ ಒಳಪದರ ಇರುವ ಚೀಲಕ್ಕೆ ಬದಲಿಸಿ. ಬಟ್ಟೆ ಬೀರುವಿನಲ್ಲಿ ಹಳೇ ಫಿಲಮೆಂಟ್ ಬಲ್ಬು ಉರಿಸಿಡುವ ಅಭ್ಯಾಸ ಇದ್ದವರು ಅದನ್ನೇ ಇಲ್ಲಿಯೂ ಮಾಡಬಹುದು, ಆದರೆ ಬಲ್ಬು ಕೆಳಗಿನ ಮೂಲೆಯಲ್ಲಿ, ಪ್ಲೇಟಿನಿಂದ ದೂರ ಇರಲಿ. ಹತ್ತಿರವಿಟ್ಟರೆ ಪ್ಲೇಟು ಸೊಟ್ಟಗಾಗುತ್ತದೆ. ಒಲೆಯ ಅಟ್ಟ ಬೇಡವೇ ಬೇಡ. ಯಾವಾಗಲೂ ನೆಟ್ಟಗೆ ನಿಲ್ಲಿಸಿಡಿ.

ಕರೆಂಟಿನ ವಿಚಾರ ಇನ್ನೂ ಮುಖ್ಯ. ಹಳೇ ಟರ್ನ್‌ಟೇಬಲ್‌ಗಳಲ್ಲಿ ಸಿಂಕ್ರೊನಸ್ ಮೋಟಾರ್ ಇರುತ್ತದೆ, ಅದರ ವೇಗ ಲೈನಿನ 50 ಸೈಕಲ್ಲನ್ನೇ ನಂಬಿಕೊಂಡಿರುತ್ತದೆ. ಅಗ್ಗದ ಇನ್ವರ್ಟರ್‌ನಲ್ಲಿ ಓಡಿಸಿದರೆ ಸೈಕಲ್ ಆಚೀಚೆಯಾಗಿ ನಿಮಿಷಕ್ಕೆ 33⅓ ಸುತ್ತು ತಪ್ಪುತ್ತದೆ, ಸ್ವರ ಜಾರುತ್ತದೆ. ಜೋರಾದ ಹಾಡಿನಲ್ಲಿ ಮುಚ್ಚಿಹೋಗಬಹುದು, ‘1983’ರಂಥ ನಿಧಾನದ ಹಾಡಿನಲ್ಲಿ ಮುಚ್ಚುವುದಿಲ್ಲ. ಡಿಸಿ ಮೋಟಾರಿನ ಬೆಲ್ಟ್ ಡ್ರೈವ್ ಆದರೆ ಈ ಚಿಂತೆ ಇಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಅದು ಸ್ಪೀಕರಿಗೂ ಬರುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ದರೆ ಕೇಳಿ, ಇಲ್ಲದಿದ್ದರೆ ಲೈನು ಬರುವವರೆಗೆ ಕಾಯಿರಿ. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡಿ. ಸಿಡಿಲು ಬಡಿದ ಆಂಪ್ಲಿಫೈಯರುಗಳು ನನ್ನ ಮೇಜಿಗೆ ಬರುವುದನ್ನು ನೋಡುತ್ತಲೇ ಇದ್ದೇನೆ. ಶೀಟಿನ ಮನೆಯವರು ಮೂರನೇ ಸೈಡಿಗೆ ಹೆಡ್‌ಫೋನ್ ಹಾಕಿಕೊಳ್ಳಲೇಬೇಕು, ಕೊಳಲಿನ ಭಾಗ ಶೀಟಿನ ಸದ್ದಿಗೆ ಪೂರ್ತಿ ಮುಳುಗಿಹೋಗುತ್ತದೆ. ಹೆಂಚಿನ ಮನೆಯಾದರೆ ಸ್ಪೀಕರ್ ಸಾಕು.

ಟರ್ನ್‌ಟೇಬಲ್ ಇಲ್ಲದವರು ಈ ಆಲ್ಬಮ್ಮನ್ನು ಬಿಡಬೇಕಾಗಿಲ್ಲ. 2018ರ ಸೆಟ್ಟಿನಲ್ಲಿ ಸಿಡಿಗಳ ಜೊತೆ ಒಂದು ಬ್ಲೂರೇ ಇದೆ, ಅದರಲ್ಲಿ ಎಡ್ಡಿ ಕ್ರೇಮರ್ ತಾನೇ ಕೂತು ಮಾಡಿದ 5.1 ಮಿಕ್ಸ್ (ಸುತ್ತಲೂ ಸ್ಪೀಕರ್ ಇಟ್ಟು ಕೇಳುವಂಥದ್ದು) ಇದೆ. ಫೋನಿನಲ್ಲಿ ಕೇಳುವವರು ಎರಡು ಕೆಲಸ ಮಾಡಿ. ಷಫಲ್ ಆರಿಸಿ, ಹಾಡುಗಳ ನಡುವೆ ಬಿಡುವು ಬಾರದ ಗ್ಯಾಪ್‌ಲೆಸ್ ಆಯ್ಕೆ ಹಾಕಿ. ‘1983’ ಮುಗಿಯುವುದೇ ಮೂರನೇ ಸೈಡಿನ ಕೊನೆಯ ತುಣುಕಾದ ‘ಮೂನ್, ಟರ್ನ್ ದ ಟೈಡ್ಸ್’ ಒಳಗೆ ಹರಿದು, ನಡುವೆ ಕತ್ತರಿ ಬಿದ್ದರೆ ಹಾಳು. ಫೋನಿನ ಸ್ವಂತ ಸ್ಪೀಕರಿನಲ್ಲಿ ಮಾತ್ರ ಬೇಡ. ಎಡ ಬಲ ಎರಡೂ ಒಂದೇ ತೂತಿನಿಂದ ಬಂದರೆ ಆ ಸ್ಟುಡಿಯೊದಲ್ಲಿ ರಾತ್ರಿಗಟ್ಟಲೆ ಪಟ್ಟ ಶ್ರಮ ಅರ್ಧಕ್ಕರ್ಧ ಹೋಗುತ್ತದೆ.

ಹೆಂಡ್ರಿಕ್ಸನ್ನು ಹೊಸದಾಗಿ ಕೇಳುವವರು ಮೊದಲ ಸೈಡಿನಿಂದ ಶುರು ಮಾಡುವ ಅಗತ್ಯವಿಲ್ಲ. ಮೂರನೆಯದನ್ನು ಹಾಕಿ, ಆಮೇಲೆ ನಾಲ್ಕು. ಹಿಡಿಸಿದರೆ ಮರುದಿನ ಒಂದಕ್ಕೆ ಬನ್ನಿ. ಎರಡನೆಯದಕ್ಕೆ ಅವಸರವಿಲ್ಲ.